ಹುರುಳಿ ತುಳಿದ ಮೋಟಾರ್ ಸೈಕಲ್ಲುಗಳು

ಅವು ಐದೇ ಇದ್ದವು. ಈಗ ನಮ್ಮೂರಿನ ಹಳಬರನ್ನು ಕೇಳಿದರೆ ಹತ್ತು ಎನ್ನುತ್ತಾರೆ. ಹದಿನೈದು ಎಂದವರನ್ನೂ ಕೇಳಿದ್ದೇನೆ. ನಾನು ಒಂದು ಚಳಿಗಾಲವಿಡೀ ಭಾನುವಾರ ಭಾನುವಾರ ನಿಂತು ಎಣಿಸಿದವನು. ಐದು ಮೋಟಾರ್ ಸೈಕಲ್ಲು, ಐದು ಜನ. ಸದ್ದು ಮಾತ್ರ ಹದಿನೈದರದ್ದಿತ್ತು, ಅದನ್ನು ಒಪ್ಪುತ್ತೇನೆ.

ನಮ್ಮೂರು ದಾವಣಗೆರೆಗೂ ಹರಿಹರಕ್ಕೂ ನಡುವೆ, ದೊಡ್ಡ ರಸ್ತೆಗೆ ಅಂಟಿಕೊಂಡಿತ್ತು. ನಮ್ಮ ಮನೆಯ ಜಗಲಿಗೂ ಡಾಂಬರಿಗೂ ನಡುವೆ ಹನ್ನೆರಡು ಹೆಜ್ಜೆ. ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಊರಿನ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷ ಆಗಬೇಕಿತ್ತು. ನಡತೆಯ ಮೇಲೆ ಯಾವ ದೂರೂ ಇಲ್ಲ ಎಂದು ಮೇಲಿನವರು ಬರೆದು ಕಳಿಸಿದರೆ ಆಗುತ್ತಿತ್ತು. ಮನೆಯಲ್ಲಿ ನಾನು ಮತ್ತು ಅವ್ವ. ಅಪ್ಪ ತೀರಿಕೊಂಡ ಮೇಲೆ ಎತ್ತುಗಳನ್ನು ಕೊಟ್ಟುಬಿಟ್ಟಿದ್ದೆವು. ಕೊಟ್ಟಿಗೆ ಖಾಲಿ ಇತ್ತು. ಇದ್ದ ಒಂದು ಎಕರೆಯಲ್ಲಿ ಅವ್ವ ಹುರುಳಿ ಹಾಕಿಸುತ್ತಿದ್ದಳು.

ಭಾನುವಾರ ಬೆಳಿಗ್ಗೆ, ಬಿಸಿಲು ನಮ್ಮ ಬೇವಿನ ಮರದ ಅರ್ಧಕ್ಕೆ ಇಳಿಯುವ ಹೊತ್ತಿಗೆ, ದಾವಣಗೆರೆ ಕಡೆಯಿಂದ ಅವರು ಬರುತ್ತಿದ್ದರು. ಒಬ್ಬರು ಡಾಕ್ಟರು, ಇಬ್ಬರು ಹತ್ತಿ ವ್ಯಾಪಾರದ ಮನೆಯವರು, ಒಬ್ಬರು ವಕೀಲರು, ಒಬ್ಬರು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಮೊದಲ ಸಲ ಕಂಡಾಗ ಚರ್ಮದ ಕೋಟು, ಕಿವಿ ಮುಚ್ಚುವ ಟೊಪ್ಪಿಗೆ, ಕಪ್ಪು ಕನ್ನಡಕ ನೋಡಿ ಪಕ್ಕದ ಮನೆಯ ಕಾಕಾ ಪೊಲೀಸರು ಎಂದುಕೊಂಡು ಹಿತ್ತಲಿಗೆ ಹೋದರು. ಯಾಕೆ ಹೋದಿರಿ ಎಂದು ಕೇಳಿದರೆ ಅವರಿಗೂ ಕಾರಣ ತಿಳಿದಿರಲಿಲ್ಲ.

ಊರಿನ ಹೆಂಗಸರು ಮನುಷ್ಯರ ಮುಖ ನೋಡುವ ಮೊದಲೇ ಗಾಡಿಗಳಿಗೆ ಹೆಸರಿಟ್ಟರು. ವಕೀಲರದ್ದು ಹಿಟ್ಟಿನ ಗಿರಣಿ. ವ್ಯಾಪಾರದವರ ಎರಡರಲ್ಲಿ ಒಂದು ಪಟಾಕಿ, ಇನ್ನೊಂದು ಕೆಮ್ಮಿನ ಗಾಡಿ. ಗಣಿತದವರದ್ದು ಸಣ್ಣದು, ಅದು ಹೊಲಿಗೆ ಮಷಿನ್. ಡಾಕ್ಟರದ್ದು ಎಲ್ಲಕ್ಕಿಂತ ಭಾರ, ನಿಧಾನ, ಗಂಭೀರ. ಅದು ದೊಡ್ಡೆತ್ತು.

ನಮ್ಮ ಬೇವಿನ ಮರದ ಕೆಳಗೆ ಅವರು ನಿಲ್ಲುತ್ತಿದ್ದರು. ಗಾಡಿಗಳು ಕಾದಿರುತ್ತವೆ, ಆರಬೇಕು ಎನ್ನುತ್ತಿದ್ದರು. ದಾವಣಗೆರೆಯಿಂದ ಬಂದದ್ದು ನಾಲ್ಕೈದು ಮೈಲಿ. ಎತ್ತಿನ ಗಾಡಿಯವರು ಅಷ್ಟಕ್ಕೆ ಎತ್ತಿಗೂ ನೀರು ಕುಡಿಸುತ್ತಿರಲಿಲ್ಲ. ಒಂದು ಗಾಡಿ ಕೆಟ್ಟರೆ ಉಳಿದ ನಾಲ್ಕು ಜನ ಸುತ್ತ ನಿಂತು ಬಗ್ಗಿ ನೋಡುತ್ತಿದ್ದರು. ಒಟ್ಟಿಗೆ ಹೋಗುವುದು ಅದಕ್ಕೇ ಇರಬೇಕು, ಒಬ್ಬನೇ ಆದರೆ ಬಗ್ಗಿ ನೋಡುವುದಕ್ಕೆ ಜನ ಸಾಲುವುದಿಲ್ಲ ಎಂದು ಕಾಕಾ ಹೇಳುತ್ತಿದ್ದರು. ಸರಿಮಾಡುವವರು ಕಡೆಗೆ ನಮ್ಮೂರಿನ ಕಮ್ಮಾರರೇ.

ಅವ್ವ ಅವರಿಗೆ ಮಜ್ಜಿಗೆ ಕೊಡುತ್ತಿದ್ದಳು. ಒಂದು ದಿನ ಹರಿಹರದಲ್ಲಿ ನಿಮಗೆ ಏನು ಕೆಲಸ ಎಂದು ಕೇಳಿದಳು. ಕೆಲಸ ಏನೂ ಇಲ್ಲ, ಹೊಳೆ ದಂಡೆಯಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿಂದು ಬರುತ್ತೇವೆ ಎಂದರು ಡಾಕ್ಟರು. ಮಂಡಕ್ಕಿ ಹರಿಹರದ್ದೋ ಎಂದಳು ಅವ್ವ. ಅಲ್ಲ, ದಾವಣಗೆರೆಯಿಂದ ಕಟ್ಟಿಸಿಕೊಂಡು ಹೋಗುತ್ತೇವೆ ಎಂದರು. ಅವ್ವ ಅವತ್ತೆಲ್ಲ ಆ ಮಾತನ್ನು ಯೋಚಿಸಿದಳು. ಸಂಜೆ ಕಾಕಾನ ಹೆಂಡತಿಗೆ, ಪಾಪ, ಐದೂ ಜನಕ್ಕೆ ಮನೆಯಲ್ಲಿ ಏನೋ ತೊಂದರೆ ಇರಬೇಕು ಎಂದಳು.

ಇನ್ನು ಹುರುಳಿಯ ವಿಷಯ. ಬಳ್ಳಿ ಕಿತ್ತು ಒಣಗಿಸಿದ ಮೇಲೆ ಅದನ್ನು ತುಳಿಸಿ ಕಾಳು ಬಿಡಿಸಬೇಕು. ಕಣ ಮಾಡಿ, ನಡುವೆ ಮೇಟಿಕಂಬ ನಿಲ್ಲಿಸಿ, ಎತ್ತು ಸುತ್ತಿಸುವುದು ಪದ್ಧತಿ. ನಮಗೆ ಎತ್ತು ಇರಲಿಲ್ಲ. ಸುಗ್ಗಿಯಲ್ಲಿ ಎತ್ತು ಕೊಡಿ ಎಂದು ಯಾರನ್ನು ಕೇಳುವುದು? ಡಾಂಬರು ಬಂದ ಮೇಲೆ ಊರಲ್ಲಿ ಹಲವರು ಬಳ್ಳಿಯನ್ನು ರಸ್ತೆಯ ಮೇಲೆ ಹರಡಲು ಕಲಿತಿದ್ದರು. ಹೋಗುವ ಬರುವ ಗಾಡಿಗಳು ತುಳಿಯುತ್ತವೆ, ಸಂಜೆ ಗುಡಿಸಿಕೊಂಡು ಬಂದರಾಯಿತು. ಆದರೆ ಲಾರಿ ಹತ್ತಿದರೆ ಕಾಳು ಒಡೆದು ಬೇಳೆಯಾಗುತ್ತಿತ್ತು. ಬಸ್ಸಿನ ಡ್ರೈವರು ಬೈಯುತ್ತಿದ್ದರು. ಅವ್ವ ಇದನ್ನೆಲ್ಲ ನೋಡಿ, ಕೊನೆಗೆ ಮೋಟಾರ್ ಸೈಕಲ್ಲೇ ಸರಿ ಎಂದು ತೀರ್ಮಾನಿಸಿದಳು. ಭಾರ ಎತ್ತಿನ ಗೊರಸಿನಷ್ಟೇ, ಹೆಚ್ಚಿಲ್ಲ ಕಡಿಮೆ ಇಲ್ಲ ಎಂದಳು. ಅವರು ಬರುವ ಹೊತ್ತನ್ನು ಅವಳಿಗೆ ಸರಿಯಾಗಿ ಹೇಳಿದವನು ನಾನು. ಬಳ್ಳಿ ಹೊತ್ತು ತಂದು ಹರಡಿದವನೂ ನಾನು.

ಮೊದಲ ಭಾನುವಾರ ರಸ್ತೆಯ ಅರ್ಧಕ್ಕೆ ಹರಡಿದ್ದೆವು. ಐದೂ ಗಾಡಿಗಳು ಹುರುಳಿಯ ಮುಂದೆ ಬಂದು ನಿಂತವು. ಅವ್ವ ಜಗಲಿಯಿಂದ ಇಳಿದು ಹೋಗಿ ಹೇಳಿದಳು:

"ನಿಲ್ಲಬ್ಯಾಡ್ರಪ್ಪ, ಹಂಗೇ ತುಳಕಂತ ಹೋಗ್ರಿ. ನಿಮಗೂ ಒಂದು ಕೆಲಸ ಆಗ್ತೈತೆ."

ಮಜ್ಜಿಗೆ ಕುಡಿದ ಮನೆ. ಇಲ್ಲ ಎನ್ನಲು ಅವರಿಗೆ ಆಗಲಿಲ್ಲ. ಎರಡೂ ಕಾಲು ನೆಲಕ್ಕೆ ಇಳಿಬಿಟ್ಟು, ಕೆಸರಲ್ಲಿ ನಡೆಯುವವರ ಹಾಗೆ, ಒಬ್ಬರ ಹಿಂದೆ ಒಬ್ಬರು ತುಳಿದುಕೊಂಡು ಹೋದರು. ಹರಿಹರದಿಂದ ವಾಪಸು ಬರುವಾಗಲೂ ತುಳಿದರು. ಗಣಿತದವರಂತೂ ಒಂದು ಮೂಲೆ ಉಳಿದಿದೆ ಎಂದು ತಿರುಗಿ ಬಂದು ಎರಡು ಸಲ ಹೆಚ್ಚಿಗೆ ಓಡಿಸಿದರು. ಸಂಜೆ ತೂರಿದಾಗ ಕಾಳು ಒಂದೂ ಒಡೆದಿರಲಿಲ್ಲ. ಅವ್ವ ಮೊರ ಹಿಡಿದು ಇಡೀ ಓಣಿಗೆ ತೋರಿಸಿದಳು.

ಎರಡನೆಯ ಭಾನುವಾರ ನಡೆದದ್ದು ಸಣ್ಣದು. ಆದರೆ ಅದನ್ನು ಬಿಟ್ಟರೆ ಮೂರನೆಯದು ಅರ್ಥವಾಗುವುದಿಲ್ಲ. ಡಾಕ್ಟರು ಹುರುಳಿ ತುಳಿಯುತ್ತ ಬರುವಾಗ ಜಗಲಿಯ ಮೇಲಿದ್ದ ಅವ್ವನನ್ನು ಕಂಡು ಎಡಗೈ ಎತ್ತಿ ಹಣೆಗೆ ಮುಟ್ಟಿಸಿದರು. ಮೋಟಾರ್ ಸೈಕಲ್ಲಿನ ವೇಗ ಬಲಗೈ ಹಿಡಿಯಲ್ಲಿರುತ್ತದೆ, ಬಲಗೈ ಬಿಡುವಂತಿಲ್ಲ. ಅವ್ವನಿಗೆ ಇದು ಗೊತ್ತಿರಲಿಲ್ಲ, ಗೊತ್ತಿದ್ದರೂ ಒಪ್ಪುತ್ತಿರಲಿಲ್ಲ. ವಾಪಸು ಬಂದಾಗ ಮಜ್ಜಿಗೆಯ ಲೋಟ ಕೈಗೆ ಕೊಡುತ್ತ ಅಂದಳು:

"ಅಲ್ಲ ಡಾಕ್ಟ್ರಪ್ಪ, ಇಷ್ಟು ಓದಿದೋನು, ಎಡಗೈಯಾಗ ನಮಸ್ಕಾರ ಮಾಡ್ತೀಯಲ್ಲ. ನಿಮ್ಮವ್ವ ನೋಡಿದ್ರೆ ಏನಂತಾಳ?"

ಉಳಿದ ನಾಲ್ವರು ನಕ್ಕರು. ಡಾಕ್ಟರು ನಗಲಿಲ್ಲ. ತಮ್ಮ ತಾಯಿ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು ಎಂದರು. ತಪ್ಪಾಯಿತಮ್ಮ, ಮುಂದಿನ ಸಲ ಸರಿಯಾಗಿ ಮಾಡುತ್ತೇನೆ ಎಂದೂ ಅಂದರು. ಆ ಮಾತನ್ನು ನಾನು ಕೇಳಿದೆ. ತಮಾಷೆಗೆ ಅಂದದ್ದು ಎಂದುಕೊಂಡೆ.

ಮೂರನೆಯ ಭಾನುವಾರ. ಉಳಿದ ಬಳ್ಳಿಯೆಲ್ಲ ಅಂದೇ ಮುಗಿಯಲಿ ಎಂದು ಅವ್ವ ರಸ್ತೆಯ ಪೂರ್ತಿ ಅಗಲಕ್ಕೆ ಹರಡಿಸಿದ್ದಳು. ಉದ್ದ ನನ್ನ ಹೆಜ್ಜೆಯಲ್ಲಿ ಹದಿನಾಲ್ಕು. ದಪ್ಪ ನಾಲ್ಕು ಬೆರಳು, ನಡುವೆ ಐದು. ನಾನು ಬಲಗಡೆ ಅಂಚಿನಲ್ಲಿ ಬಳ್ಳಿ ಮಗುಚುವ ಕವೆಕೋಲು ಹಿಡಿದು ನಿಂತಿದ್ದೆ. ಅವ್ವ ನನ್ನ ಎದುರು, ಎಡಗಡೆ ಅಂಚಿನಲ್ಲಿ. ದೊಡ್ಡೆತ್ತು ಎಲ್ಲಕ್ಕೂ ಮುಂದೆ ಇತ್ತು. ಹುರುಳಿಯೊಳಗೆ ಬಂದಾಗ ವೇಗ ಮನುಷ್ಯ ಓಡುವುದಕ್ಕಿಂತ ಕಡಿಮೆಯೇ ಇತ್ತು. ಅರ್ಧ ದಾಟಿತು. ಆಗ ಡಾಕ್ಟರು ಅವ್ವನ ಕಡೆ ತಿರುಗಿ, ಎರಡೂ ಕೈಯನ್ನು ಹಿಡಿಯಿಂದ ತೆಗೆದು, ಎದೆಯ ಮುಂದೆ ಜೋಡಿಸಿ, ತಲೆ ಬಾಗಿಸಿ ನಮಸ್ಕಾರ ಮಾಡಿದರು.

ಆ ನಮಸ್ಕಾರ ನನಗೆ ಇವತ್ತಿಗೂ ಕಾಣುತ್ತದೆ. ತುಂಬ ಚೆನ್ನಾಗಿ ಮಾಡಿದರು. ಮುಂದಿನ ಚಕ್ರ ಎಡಕ್ಕೆ ಹೊರಳಿತು, ಬಳ್ಳಿ ಸುತ್ತಿಕೊಂಡು ಗಾಡಿ ಅಡ್ಡ ಮಲಗಿತು. ಡಾಕ್ಟರು ಕೈ ಜೋಡಿಸಿದ ಹಾಗೆಯೇ ಹುರುಳಿಯ ಮೇಲೆ ಬಿದ್ದರು. ಹಿಂದಿನ ನಾಲ್ಕೂ ಗಾಡಿಗಳು ಹುರುಳಿಯ ಹೊರಗೇ ನಿಂತವು. ಎಂಜಿನ್ನುಗಳ ಸದ್ದು ನಿಂತ ಮೇಲೆ ದೊಡ್ಡೆತ್ತಿನ ಹಿಂದಿನ ಚಕ್ರ ಒಂದೇ ತಿರುಗುತ್ತಿತ್ತು, ಸರಸರ ಎಂದು ಕಾಳು ಸಿಡಿಸುತ್ತಿತ್ತು. ನಾನು ಕವೆಕೋಲು ಹಿಡಿದು ನಿಂತೇ ಇದ್ದೆ. ಅವರು ಸತ್ತರು ಎಂದುಕೊಂಡೆ. ಅದರ ಜೊತೆಗೇ, ಆ ಕ್ಷಣದಲ್ಲೇ, ನನ್ನ ಕೆಲಸ ಹೋಯಿತು ಎಂದೂ ಅಂದುಕೊಂಡೆ. ಎರಡರಲ್ಲಿ ಯಾವುದು ಮೊದಲು ಬಂತು ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಖಚಿತವಾಗಿ ಹೇಳಲಾರೆ.

ಅವ್ವ ಓಡಿ ಹೋಗಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಊರಲ್ಲಿ ಕೆಲವರು ಅವಳು ಮೊದಲು ಕಸಬರಿಗೆ ತಂದಳು ಎನ್ನುತ್ತಾರೆ. ಅದು ಸುಳ್ಳು. ಕಸಬರಿಗೆ ತಂದದ್ದು ಡಾಕ್ಟರನ್ನು ಜಗಲಿಯ ಮೇಲೆ ಕೂಡಿಸಿದ ಮೇಲೆ. ಡಾಕ್ಟರು ಬಲಗೈಯಿಂದ ಎಡಗೈ ಮಣಿಕಟ್ಟನ್ನು ಒತ್ತಿ ನೋಡಿಕೊಂಡು, ಬೇರೆ ಯಾರದೋ ಕೈ ನೋಡಿದ ಹಾಗೆ, ಮುರಿದಿದೆ ಎಂದರು. ಅಷ್ಟರಲ್ಲಿ ಅವ್ವ, ಕಾಕಾನ ಹೆಂಡತಿ ಇಬ್ಬರೂ ಸೇರಿ ರಸ್ತೆಯನ್ನು ಗುಡಿಸಿ ಹುರುಳಿಯನ್ನೆಲ್ಲ ಹಿತ್ತಲಿಗೆ ಸಾಗಿಸಿದ್ದರು. ರಸ್ತೆ ಮದುವೆ ಮನೆಯ ಅಂಗಳದ ಹಾಗೆ ಚೊಕ್ಕವಾಗಿತ್ತು. ಡಾಕ್ಟರು ಅದನ್ನು ನೋಡಿದರು. ನಾನು ನೋಡಿದೆ.

ವಕೀಲರು ಅವರನ್ನು ತಮ್ಮ ಹಿಟ್ಟಿನ ಗಿರಣಿಯ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ದಾವಣಗೆರೆಗೆ ಹೋದರು. ದೊಡ್ಡೆತ್ತನ್ನು ನಾವು ತಳ್ಳಿಕೊಂಡು ಹೋಗಿ ಕೊಟ್ಟಿಗೆಯಲ್ಲಿ ನಿಲ್ಲಿಸಿದೆವು. ಅಪ್ಪನ ಎತ್ತುಗಳು ಹೋದ ಮೇಲೆ ಅಲ್ಲಿ ನಿಂತದ್ದು ಅದೇ ಮೊದಲು. ಅವ್ವ ಅದಕ್ಕೆ ಕೌದಿ ಹೊದಿಸಿದಳು, ದೀಪದ ಮೇಲೆ ವಿಭೂತಿ ಹಚ್ಚಿದಳು. ಎರಡು ದಿನದಲ್ಲಿ ಕಾಕಾನ ಮನೆಯ ಕೋಳಿ ಅದರ ಸೀಟಿನ ಮೇಲೆ ಮೊಟ್ಟೆ ಇಟ್ಟಿತು.

ಮಂಗಳವಾರ ಸುದ್ದಿ ಬಂತು. ರಸ್ತೆಯ ಮೇಲೆ ಒಕ್ಕಣೆ ಮಾಡಿ ಅಪಘಾತ ಮಾಡಿಸಿದ್ದಾರೆ, ಮಾಡಿದವರಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರೂ ಇದ್ದಾನೆ ಎಂದು ಯಾರೋ ಅರ್ಜಿ ಕೊಟ್ಟಿದ್ದರು. ರಸ್ತೆ ನೋಡಿಕೊಳ್ಳುವ ಓವರ್ಸಿಯರು ಗುರುವಾರ ವಿಚಾರಣೆಗೆ ಬರುತ್ತಾರೆ, ಕಂಡದ್ದನ್ನು ನಾನು ಬರೆದು ಕೊಡಬೇಕು ಎಂದು ಹೇಳಿಕಳಿಸಿದ್ದರು.

ಅವ್ವನಿಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ. ರೊಟ್ಟಿ ತಟ್ಟುತ್ತಲೇ ಹೇಳಿದಳು:

"ರಸ್ತಿ ಮ್ಯಾಲೆ ಏನೂ ಇರ್ಲಿಲ್ಲ ಅಂತ ಬರಿ. ಈಗ ಹೋಗಿ ನೋಡು, ಏನಾರ ಐತೇನು?"

ಬುಧವಾರ ಶಾಲೆ ಬಿಟ್ಟ ಮೇಲೆ ಅಲ್ಲೇ ಕೂತು ಬರೆದೆ. ಮೊದಲು ಅವ್ವ ಹೇಳಿದ ಹಾಗೆ ಒಂದು ಸಾಲು ಬರೆದೆ. ಚಿಕ್ಕದಾಗಿತ್ತು, ಚೆನ್ನಾಗಿಯೂ ಇತ್ತು. ಅದನ್ನೇ ನೋಡುತ್ತ ಬಹಳ ಹೊತ್ತು ಕೂತೆ. ಕಪ್ಪುಹಲಗೆಯ ಮೇಲೆ ನಾನೇ ಬೆಳಿಗ್ಗೆ ಬರೆದಿದ್ದ ಶುದ್ಧಬರಹದ ಪಾಠ ಅಳಿಸದೆ ಉಳಿದಿತ್ತು. ಆ ಒಂದು ಸಾಲು ಸರಿಯಾದರೆ ಡಾಕ್ಟರು ಸುಮ್ಮಸುಮ್ಮನೆ ಬಿದ್ದ ಹಾಗಾಗುತ್ತದೆ. ಅಷ್ಟು ಭಾರದ ಗಾಡಿಯನ್ನು ಅಷ್ಟು ನಿಧಾನವಾಗಿ ಓಡಿಸುತ್ತಿದ್ದ ಮನುಷ್ಯ ಚೊಕ್ಕ ಡಾಂಬರಿನ ಮೇಲೆ ಬಿದ್ದ ಎಂದು ಇಡೀ ದಾವಣಗೆರೆ ನಗುತ್ತದೆ. ಹಾಳೆ ಹರಿದು ಬೇರೆ ತೆಗೆದುಕೊಂಡೆ. ಹೆಜ್ಜೆ ಎಷ್ಟು, ಬೆರಳು ಎಷ್ಟು, ಬಳ್ಳಿ ಹರಡಿದವನು ಯಾರು, ಅವ್ವ ಹಿಂದಿನ ವಾರ ಏನಂದಳು, ಕೈ ಯಾವಾಗ ಬಿಟ್ಟರು, ಎಲ್ಲ ಬರೆದೆ. ನಾಲ್ಕು ಪುಟವಾಯಿತು. ಕೆಳಗೆ ಸಹಿ ಮಾಡಿ, ಮಡಚಿ ಇಟ್ಟುಕೊಂಡೆ.

ಗುರುವಾರ ಮಧ್ಯಾಹ್ನ ಓವರ್ಸಿಯರು ಸೈಕಲ್ ಮೇಲೆ ಬಂದರು. ದಪ್ಪ ಮನುಷ್ಯ, ಮಾತು ಕಡಿಮೆ. ನಮ್ಮ ಜಗಲಿಯ ಮೇಲೆ ಚಾಪೆ ಹಾಕಿದೆವು. ವಿಚಾರಣೆಗೆಂದು ಡಾಕ್ಟರೂ ಬಸ್ಸಿನಲ್ಲಿ ಬಂದರು. ಎಡಗೈಗೆ ಬಿಳಿ ಪಟ್ಟಿ ಹಾಕಿ ಕೊರಳಿಗೆ ಕಟ್ಟಿದ್ದರು, ಮೇಲೆ ಅದೇ ಚರ್ಮದ ಕೋಟು ಹೊದ್ದಿದ್ದರು. ಕೂತವರೇ ಯಾರೂ ಕೇಳುವ ಮೊದಲೇ ಹೇಳಿದರು:

"ರಸ್ತಿ ಚೊಕ್ಕ ಇತ್ರಿ ಸಾಹೇಬ್ರೇ. ನಾನೇ ಎರಡೂ ಕೈ ಬಿಟ್ಟೆ, ಬಿದ್ದೆ. ಇದರಾಗ ಇವರದ್ದೇನೂ ಇಲ್ಲ."

ಅವ್ವ ಬಾಗಿಲ ಹಿಂದಿನಿಂದ ನನ್ನನ್ನು ನೋಡಿದಳು. ನಾಲ್ಕು ಪುಟ ನನ್ನ ಅಂಗಿಯ ಜೇಬಿನಲ್ಲಿತ್ತು. ಹೊರಗೆ ತೆಗೆಯದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಓವರ್ಸಿಯರು, ಮೇಷ್ಟ್ರೇ, ನಿಮ್ಮದು ಎಂದು ಕೈ ಚಾಚಿದರು. ನಾಲ್ಕೂ ಪುಟ ತೆಗೆದು ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಎರಡನೆಯ ಪುಟದಲ್ಲಿ ಒಮ್ಮೆ ಅವ್ವನನ್ನು ನೋಡಿದರು. ನಾಲ್ಕನೆಯದು ಮುಗಿಸಿ, ಇವೆರಡರಲ್ಲಿ ಒಂದು ಸುಳ್ಳಾಗಬೇಕಲ್ಲ, ದಾವಣಗೆರೆ ಡಾಕ್ಟರನ್ನು ಸುಳ್ಳುಗಾರ ಅನ್ನಲೋ, ಕಾಯಂ ಆಗಬೇಕಾದ ಮೇಷ್ಟ್ರನ್ನೋ ಎಂದರು. ಡಾಕ್ಟರು ಪಟ್ಟು ಬಿಡಲಿಲ್ಲ. ಮೇಷ್ಟ್ರು ಗಾಬರಿಯಲ್ಲಿ ಬರೆದಿದ್ದಾರೆ, ಒಂದು ಕಾಳೂ ಇರಲಿಲ್ಲ ಎಂದರು. ಅವರಿಗೆ ಬೆವರು ಬಂದಿತ್ತು. ಒರೆಸಿಕೊಳ್ಳಲು ಬಲಗೈಯನ್ನು ಕೋಟಿನ ಜೇಬಿಗೆ ಹಾಕಿ ಕರವಸ್ತ್ರ ಎಳೆದರು.

ಕರವಸ್ತ್ರದ ಜೊತೆಗೆ ಹುರುಳಿ ಬಂತು. ಒಂದು ಹಿಡಿಗೆ ಕಡಿಮೆ ಇರಲಿಲ್ಲ. ಚಾಪೆಯ ಮೇಲೆ ಬಿದ್ದು, ಜಗಲಿಯ ಅಂಚಿಗೆ ಉರುಳಿ, ಕೆಲವು ಓವರ್ಸಿಯರ ಚಪ್ಪಲಿಯೊಳಕ್ಕೂ ಹೋದವು. ಬಿದ್ದ ದಿನ ಜೇಬಿಗೆ ಸೇರಿದ್ದು, ನಾಲ್ಕು ದಿನ ಅಲ್ಲೇ ಇತ್ತು. ಅವ್ವ ಬಾಗಿಲ ಹಿಂದಿನಿಂದ ಬಂದು, ಕೂತು, ಒಂದೊಂದೇ ಕಾಳನ್ನು ಆರಿಸಿ ಸೆರಗಿಗೆ ಹಾಕಿಕೊಳ್ಳತೊಡಗಿದಳು.

"ನಮ್ಮವ್ವನೂ ರಸ್ತಿ ಮ್ಯಾಲೇ ಹಾಕ್ತಾಳ," ಎಂದರು ಓವರ್ಸಿಯರು, ಅವಳನ್ನೇ ನೋಡುತ್ತ. "ಹೇಳಿದ್ರೆ ಕೇಳಂಗಿಲ್ಲ."

ಆಮೇಲೆ ಹಾಳೆ ತೆಗೆದು ಮೂರು ಸಾಲು ಬರೆದು ನಮಗೆ ಓದಿ ಹೇಳಿದರು. ರಸ್ತೆಯ ಮೇಲೆ ಹುರುಳಿ ಇದ್ದುದು ನಿಜ. ತೆಗೆಸಲಾಗಿದೆ. ಹಾಕಿದ ಊರಿನವರು ಮುಂದೆ ಹಾಕುವುದಿಲ್ಲವೆಂದು ಒಪ್ಪಿರುತ್ತಾರೆ. ಹಾಕಿದವನು ನಾನು, ಅಲ್ಲಿ ನನ್ನ ಹುದ್ದೆ ಬರೆಯಬೇಕಲ್ಲವೇ ಎಂದೆ. ಡಾಕ್ಟರು ಮುಖ ಆ ಕಡೆ ತಿರುಗಿಸಿಕೊಂಡರು. ಓವರ್ಸಿಯರು ಪೆನ್ನು ಮುಚ್ಚಿದರು.

"ನೀವು ಊರಿನವರಲ್ಲೇನ್ರಿ ಮೇಷ್ಟ್ರೇ?"

ಊರಿನವನೇ. ಅದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಅವ್ವ ಹೆಬ್ಬೆಟ್ಟು ಒತ್ತಿದಳು. ಉಳಿದ ಹುರುಳಿಯನ್ನು ಏನು ಮಾಡಲಿ ಎಂದು ಅವರನ್ನೇ ಕೇಳಿದಳು. ಹಿತ್ತಲಲ್ಲಿ ಕಣ ಮಾಡಿಕೊಳ್ಳಿ ಎಂದರು.

ಮುಂದಿನ ಭಾನುವಾರ ಹಾಗೆಯೇ ಮಾಡಿದೆವು. ನಾಲ್ಕು ಗಾಡಿಗಳು ಹಿತ್ತಲಿಗೆ ಬಂದವು. ಕಾಕಾ ಮೇಟಿಕಂಬ ನಿಲ್ಲಿಸಿ, ಗಿರಣಿ ಮುಂದೆ, ಹೊಲಿಗೆ ಮಷಿನ್ ಒಳಸುತ್ತಿಗೆ ಎಂದು ಎತ್ತು ಹೂಡುವ ಹಾಗೆ ಕ್ರಮ ಹೇಳಿದರು. ಸುತ್ತಿ ಸುತ್ತಿ ಗಣಿತದವರಿಗೆ ತಲೆ ತಿರುಗಿ, ಇಳಿದು ಕಂಬ ಹಿಡಿದುಕೊಂಡು ಕೂತರು. ಕೆಮ್ಮಿನ ಗಾಡಿ ಕಣದ ನಡುವೆಯೇ ಕೆಟ್ಟಿತು. ಎಲ್ಲರೂ ಸುತ್ತ ನಿಂತು ಬಗ್ಗಿ ನೋಡಿದರು. ಅವತ್ತು ಅವರಿಗೆ ಹರಿಹರಕ್ಕೆ ಹೋಗಲಾಗಲಿಲ್ಲ. ಮಂಡಕ್ಕಿಯನ್ನು ನಮ್ಮ ಜಗಲಿಯ ಮೇಲೇ ತಿಂದರು.

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ನನ್ನ ಆದೇಶ ಬಂತು. ಮೂರು ಸಲ ಓದಿದೆ. ಕಾಯಂ ಮಾಡಿದೆ ಎಂದಿತ್ತು. ಹುರುಳಿಯ ಸುದ್ದಿ ಎಲ್ಲೂ ಇರಲಿಲ್ಲ. ಅವ್ವನಿಗೆ ಓದಿ ಹೇಳಿದೆ. ಅವಳು ಕೇಳಿ, ಡಾಕ್ಟರ ಕೈ ಹೇಗಿದೆ ಎಂದು ಅದರಲ್ಲಿ ಏನಾದರೂ ಬರೆದಿದ್ದಾರೇನು ಎಂದಳು.

ಅದು ಮುಂದಿನ ಭಾನುವಾರ ಗೊತ್ತಾಯಿತು. ದೊಡ್ಡೆತ್ತನ್ನು ಅವರು ಎಂದೋ ತೆಗೆಸಿಕೊಂಡು ಹೋಗಿದ್ದರು. ಅಂದು ಐದೂ ಗಾಡಿಗಳು ಬಂದವು. ನಾನು ಎಣಿಸಿದೆ. ಡಾಕ್ಟರು ನಮ್ಮ ಮನೆಯ ಮುಂದೆ ನಿಲ್ಲಿಸಿದರು, ಎಂಜಿನ್ ಆರಿಸಿದರು, ಇಳಿದು ಸ್ಟ್ಯಾಂಡ್ ಹಾಕಿದರು. ಕೈಗವಸು ತೆಗೆದು ಸೀಟಿನ ಮೇಲಿಟ್ಟರು. ಆಮೇಲೆ ಎರಡೂ ಕೈ ಜೋಡಿಸಿದರು. ಹಿಂದಿನ ನಾಲ್ವರೂ ಇಳಿದು ಹಾಗೆಯೇ ನಿಂತರು. ಅವ್ವ ಜಗಲಿಯಿಂದ ಇಳಿದು ಬಂದಳು. ನಮಸ್ಕಾರವನ್ನು ನೋಡಲಿಲ್ಲ, ಎಡಗೈ ಹಿಡಿದುಕೊಂಡು ಮಣಿಕಟ್ಟನ್ನು ತಿರುಗಿಸಿ ನೋಡಿದಳು. ಬೆರಳು ಮಡಚು ಎಂದಳು. ಮಡಚಿದರು. ಬಿಡಿಸು ಎಂದಳು. ಬಿಡಿಸಿದರು.

"ಇನ್ನ ಹೋಗ್ಬರ್ರಿ," ಎಂದಳು.